ಮೂರನೇ ಡೋಸ್ ತಪ್ಪಿ ಎಂಟು ವರ್ಷ ಆಯಿತು, ಈಗ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಹಾಸನ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಖಾಸಗಿ ನರ್ಸಿಂಗ್ ಹೋಮ್‌ನ ಸ್ಟಾಫ್ ನರ್ಸ್. ವಯಸ್ಸು 29. ಓದುವಾಗ ಕಾಲೇಜಿನಲ್ಲಿ ಲಿವರ್‌ಗೆ ಬರುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆ ಎರಡು ಡೋಸ್ ಹಾಕಿಸಿದ್ದರು. ಮೂರನೆಯದರ ಹೊತ್ತಿಗೆ ಪರೀಕ್ಷೆ ಬಂತು, ಆಮೇಲೆ ಮರೆತೇ ಹೋಯಿತು. ಈಗ ಎಂಟು ವರ್ಷ ಆಯಿತು. ಹದಿನೈದು ದಿನದ ಹಿಂದೆ ರೋಗಿಯೊಬ್ಬರ ರಕ್ತ ತೆಗೆದು ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ಅವರ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕಿನ ಪರೀಕ್ಷೆ) ರಿಪೋರ್ಟ್ ನೆಗೆಟಿವ್ ಇತ್ತು. ಹಾಗಾಗಿ ಯಾರಿಗೂ ಹೇಳಲಿಲ್ಲ. ಆದರೂ ಭಯ ಹೋಗಿಲ್ಲ. ಈಗ ಮೊದಲಿಂದ ಮೂರೂ ಡೋಸ್ ಹಾಕಿಸಿಕೊಳ್ಳಬೇಕಾ? ಐದು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು ಅಂತ ಸೀನಿಯರ್ ಸಿಸ್ಟರ್ ಹೇಳುತ್ತಾರೆ, ನಿಜವಾ? ನನಗೆ ಎಂಟು ತಿಂಗಳ ಮಗು ಇದೆ, ಎದೆಹಾಲು ಕುಡಿಸುತ್ತಿದ್ದೇನೆ. ಇನ್ನೊಂದು ವಿಷಯ. ನಮ್ಮಲ್ಲಿ ಕಸ ತೆಗೆಯುವ ಆಯಾಗೆ ಒಂದು ಡೋಸೂ ಆಗಿಲ್ಲ. ಕೇಳಿದ್ದಕ್ಕೆ ಮ್ಯಾನೇಜರ್, ‘ಅವರು ಗುತ್ತಿಗೆಯವರು, ನಮ್ಮ ಲೆಕ್ಕಕ್ಕೆ ಬರಲ್ಲ’ ಅಂದರು. ಇದು ಸರಿನಾ?

ಉತ್ತರ: ಸಿಸ್ಟರ್, ನಮಸ್ಕಾರ. ಆಯಾ ವಿಷಯ ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಭಯದ ಮಾತು.

ಮೊದಲಿಂದ ಶುರು ಮಾಡುವ ಅಗತ್ಯ ಇಲ್ಲ. ಎಂಟು ವರ್ಷ ಅಲ್ಲ, ಹದಿನೈದು ವರ್ಷ ಆಗಿದ್ದರೂ ಹಳೆಯ ಎರಡು ಡೋಸ್ ವ್ಯರ್ಥ ಆಗುವುದಿಲ್ಲ. ನಿಮ್ಮ ದೇಹಕ್ಕೆ ಆ ಪಾಠ ನೆನಪಿದೆ. ಬಾಕಿ ಇರುವ ಮೂರನೇ ಡೋಸನ್ನು ಈ ವಾರವೇ ಹಾಕಿಸಿಕೊಳ್ಳಿ. ಅದಾದ ಒಂದರಿಂದ ಎರಡು ತಿಂಗಳ ಒಳಗೆ ರಕ್ಷಣೆ ಬಂದಿದೆಯಾ ಅಂತ ತಿಳಿಸುವ ಆಂಟಿ-ಎಚ್‌ಬಿಎಸ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ಆಸ್ಪತ್ರೆಯಲ್ಲಿ ಇದನ್ನು ಟೈಟರ್ ಅಂತ ಕರೆಯುತ್ತಾರಲ್ಲ, ಅದೇ. ಆ ರಿಪೋರ್ಟ್ ಕೈಗೆ ಬಂದ ದಿನವೇ ನಿಮ್ಮ ಲಸಿಕೆ ಮುಗಿದ ಹಾಗೆ. ನಮ್ಮಲ್ಲಿ ಮೂರನೇ ಡೋಸ್ ಹಾಕಿಸಿಕೊಂಡವರೂ ಈ ಕೊನೆಯ ಹೆಜ್ಜೆ ಬಿಟ್ಟುಬಿಡುತ್ತಾರೆ.

ಹದಿನೈದು ದಿನದ ಹಿಂದಿನ ಸೂಜಿಯ ಬಗ್ಗೆ ಹೇಳುವುದಾದರೆ, ರೋಗಿಯ ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದರೆ ಹೆಪಟೈಟಿಸ್ ಬಿ ವಿಷಯದಲ್ಲಿ ನೀವು ಮಾಡಬೇಕಾದ್ದು ಲಸಿಕೆ ಪೂರ್ತಿ ಮಾಡುವುದು, ಅಷ್ಟೇ. ಆದರೆ ಆ ರಿಪೋರ್ಟ್ ಯಾವಾಗಿನದು ನೋಡಿ. ಈ ಸಲ ಅಡ್ಮಿಟ್ ಆದಾಗ ಮಾಡಿದ್ದೋ, ಒಂದು ವರ್ಷದ ಹಿಂದೆ ಯಾವುದೋ ಆಪರೇಷನ್‌ಗೆ ಮಾಡಿಸಿದ್ದೋ? ಹಳೆಯದಾದರೆ ಅದನ್ನು ನಂಬಿ ಕೂರಬೇಡಿ. ಅವರಿಗೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯಾ ಅಂತಲೂ ನೋಡಿ. ನಿಮ್ಮ ರಕ್ತವನ್ನೂ ಈ ಮೂರಕ್ಕೆ ಕೊಡಿ. ಮುಂದೇನು ಅಂತ ನಿಮ್ಮ ಡಾಕ್ಟರ್ ಆ ರಿಪೋರ್ಟ್‌ಗಳನ್ನು ನೋಡಿ ಹೇಳುತ್ತಾರೆ. ಮತ್ತೆ ದಯವಿಟ್ಟು ತಡವಾದರೂ ಪರವಾಗಿಲ್ಲ, ಈ ಘಟನೆಯನ್ನು ರಿಜಿಸ್ಟರ್‌ನಲ್ಲಿ ಬರೆಸಿ. ಮುಚ್ಚಿಟ್ಟ ಸೂಜಿ ಗಾಯಕ್ಕೆ ಮುಂದೆ ಯಾವ ದಾಖಲೆಯೂ ಇರುವುದಿಲ್ಲ. ನಾಳೆ ಏನಾದರೂ ಆದರೆ ‘ಡ್ಯೂಟಿಯಲ್ಲಿ ಆಗಿದ್ದು’ ಅಂತ ನೀವು ಹೇಗೆ ತೋರಿಸುತ್ತೀರಿ?

ಆ ರೋಗಿ ಪಾಸಿಟಿವ್ ಇದ್ದಿದ್ದರೆ ಪರಿಸ್ಥಿತಿ ಬೇರೆ ಇರುತ್ತಿತ್ತು. ಎರಡೇ ಡೋಸ್ ಆದವರನ್ನು ಪೂರ್ತಿ ರಕ್ಷಣೆ ಇದ್ದವರು ಅಂತ ಲೆಕ್ಕ ಹಾಕುವುದಿಲ್ಲ. ಲಸಿಕೆಯ ಜೊತೆಗೆ ಇನ್ನೊಂದು ಚುಚ್ಚುಮದ್ದು ಬೇಕಾಗುತ್ತಿತ್ತು. ಅದು ಹೆಪಟೈಟಿಸ್ ಬಿ ಇಮ್ಯುನೋಗ್ಲೋಬುಲಿನ್, ಅಂದರೆ ವೈರಸ್ ವಿರುದ್ಧ ಹೋರಾಡುವ ಸಿದ್ಧ ಪ್ರತಿಕಾಯ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಕಿಲೋಗೆ 0.06 ಎಂಎಲ್. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, 7 ದಿನ ದಾಟಿದರೆ ಪ್ರಯೋಜನ ಇದೆ ಅಂತ ಹೇಳಲು ಆಗುವುದಿಲ್ಲ. ನೀವು ನನಗೆ ಬರೆಯುವ ಹೊತ್ತಿಗೆ ಆ ಸಮಯ ಮುಗಿದಿತ್ತು. ಅದರ ಬೆಲೆ ಸಾವಿರಾರು ರೂಪಾಯಿ, ತಾಲೂಕು ಊರಿನ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದೂ ಕಷ್ಟ. ರಾತ್ರಿ ಪಾಳಿಯಲ್ಲಿ ಸೂಜಿ ಚುಚ್ಚಿಸಿಕೊಂಡು, ಬೆಳಗಿನ ತನಕ ಇದಕ್ಕಾಗಿ ಊರೂರಿಗೆ ಫೋನ್ ಮಾಡುವ ಪಾಡು ಯಾರಿಗೂ ಬೇಡ. ಟೈಟರ್ ಚೆನ್ನಾಗಿ ಬಂದಿದ್ದ ರಿಪೋರ್ಟ್ ಫೈಲಿನಲ್ಲಿ ಇದ್ದರೆ, ರೋಗಿ ಪಾಸಿಟಿವ್ ಇದ್ದರೂ ಹೆಪಟೈಟಿಸ್ ಬಿಗೆ ಅಂತ ಏನೂ ಮಾಡಬೇಕಿಲ್ಲ. ಒಂದು ಕಾಗದಕ್ಕೆ ಅಷ್ಟು ಬೆಲೆ ಇದೆ.

ಸೂಜಿ ಚುಚ್ಚಿದರೆ ನಮ್ಮವರು ಮೊದಲು ಹೆದರುವುದು ಎಚ್‌ಐವಿಗೆ. ಆ ಭಯ ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. ಎಚ್‌ಐವಿ ಇರುವ ರೋಗಿಯ ಸೂಜಿ ಚುಚ್ಚಿದರೆ ಸೋಂಕು ಬರುವ ಸಾಧ್ಯತೆ 1000ಕ್ಕೆ ಸುಮಾರು 3. ಹೆಪಟೈಟಿಸ್ ಸಿ ಆದರೆ 100ಕ್ಕೆ ಹೆಚ್ಚೆಂದರೆ 2ರ ಆಸುಪಾಸು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಆದರೆ 100ಕ್ಕೆ 6ರಿಂದ 30. ರೋಗಿಯ ರಕ್ತದಲ್ಲಿ ವೈರಸ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಇನ್ನೊಂದು ವಿಷಯ ಅನೇಕರಿಗೆ ಗೊತ್ತೇ ಇಲ್ಲ. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಟ್ರೇ ಮೇಲಿನ ಕಲೆ, ಮಂಚದ ಕಂಬಿ, ಗ್ಲುಕೋಮೀಟರ್ ಮೇಲೆ ಒಣಗಿದ ಒಂದು ಹನಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೂಜಿಯೇ ಚುಚ್ಚಬೇಕು ಅಂತ ಇಲ್ಲ. ಕೈ ಮೇಲೆ ತರಚಿದ ಗಾಯ ಇದ್ದರೂ ಸಾಕು.

ಇಷ್ಟು ಸುಲಭವಾಗಿ ಹರಡುವ ವೈರಸ್ ನಮ್ಮ ದೇಶದಲ್ಲಿ ಸುಮಾರು 3 ಕೋಟಿ ಜನರಲ್ಲಿ ಇದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದು ಇದೆ ಅಂತಲೇ ಗೊತ್ತಿಲ್ಲ. ಕಣ್ಣು ಹಳದಿ ಆಗಿರುವುದಿಲ್ಲ, ಜ್ವರ ಇರುವುದಿಲ್ಲ. ಮುರಿದ ಕಾಲು ತೋರಿಸಲು ಬಂದಿರುತ್ತಾರೆ, ಹೆರಿಗೆಗೆ ಬಂದಿರುತ್ತಾರೆ. ‘ನೋಡಿದರೆ ಚೆನ್ನಾಗೇ ಇದ್ದಾರೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೋಂಕು ಬಂದರೆ ಏನಾಗುತ್ತದೆ? ದೊಡ್ಡವರಲ್ಲಿ 100ಕ್ಕೆ 95 ಜನರ ದೇಹ ತಾನಾಗಿಯೇ ವೈರಸ್ಸನ್ನು ಸೋಲಿಸುತ್ತದೆ. ಆದರೂ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ಕಾಮಾಲೆ ಇರುತ್ತದೆ. ಅಪರೂಪಕ್ಕೆ ಕೆಲವೇ ದಿನಗಳಲ್ಲಿ ಲಿವರ್ ಕೆಲಸ ನಿಲ್ಲಿಸಿ ಜೀವಕ್ಕೇ ಕುತ್ತು ಬರುತ್ತದೆ. ಉಳಿದ ಐದು ಜನರಲ್ಲಿ ಅದು ಸುಮ್ನೆ ಉಳಿದುಬಿಡುತ್ತದೆ. ಇಪ್ಪತ್ತು ಮೂವತ್ತು ವರ್ಷದ ನಂತರ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಬಹುದು, ಕ್ಯಾನ್ಸರ್ ಬರಬಹುದು. ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದ ಮಕ್ಕಳಲ್ಲಿ ಲೆಕ್ಕ ತಿರುಗಾಮುರುಗಾ. 100ಕ್ಕೆ 90 ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ.

ಕಾಮಾಲೆ ಅಂದಕೂಡಲೇ ನಮ್ಮಲ್ಲಿ ಸೊಪ್ಪಿನ ರಸ ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೂ ಹೋಗುತ್ತಾರೆ, ನಾನು ನೋಡಿದ್ದೇನೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹಳ ಜನರಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಆ ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಅದೇ ನಂಬಿಕೆಯಲ್ಲಿ ಬಿ ಇದ್ದವರೂ ರಕ್ತ ಪರೀಕ್ಷೆ ಮಾಡಿಸದೆ ಉಳಿದುಬಿಡುತ್ತಾರೆ. ಕಣ್ಣಿನ ಹಳದಿ ಹೋಯಿತು ಅಂದರೆ ವೈರಸ್ ಹೋಯಿತು ಅಂತ ಅರ್ಥ ಅಲ್ಲ. ನಿಮ್ಮ ವಾರ್ಡಿನಲ್ಲಿ ಯಾರಿಗಾದರೂ ಕಾಮಾಲೆ ಆದರೆ ಯಾವ ಹೆಪಟೈಟಿಸ್ ಅಂತ ಪರೀಕ್ಷೆ ಮಾಡಿಸಲು ಹೇಳಿ.

ಈಗ ಲಸಿಕೆಗೆ ಬರೋಣ. ಈ ವೈರಸ್‌ನ ಸುಳಿವು ಸಿಕ್ಕಿದ್ದು 1960ರ ದಶಕದಲ್ಲಿ, ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಅವರಿಗೆ. ಅದಕ್ಕಾಗಿ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ದಿನ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನ ಅಂತ ಆಚರಿಸುತ್ತಾರೆ. ಮೊದಲ ಲಸಿಕೆ 1981ರಲ್ಲಿ ಅಮೆರಿಕದಲ್ಲಿ ಬಂತು. ಅದನ್ನು ಸೋಂಕಿತರ ರಕ್ತದಿಂದಲೇ ಶುದ್ಧ ಮಾಡಿ ತಯಾರಿಸುತ್ತಿದ್ದರು. 1986ರಿಂದ ಯೀಸ್ಟ್‌ನಲ್ಲಿ ತಯಾರಿಸುವ ಲಸಿಕೆ ಬಂತು. ಈಗ ನಾವು ಹಾಕುವುದು ಈ ಬಗೆಯದು. ಇದರಲ್ಲಿ ವೈರಸ್ ಇಲ್ಲ, ಅದರ ಹೊರಗವಚದ ಒಂದು ಪ್ರೋಟೀನ್ ಮಾತ್ರ ಇದೆ. ಹಾಗಾಗಿ ಲಸಿಕೆಯಿಂದ ಹೆಪಟೈಟಿಸ್ ಬರಲು ಸಾಧ್ಯವೇ ಇಲ್ಲ. ತೋಳು ಒಂದೆರಡು ದಿನ ನೋಯಬಹುದು, ಸ್ವಲ್ಪ ಮೈಬಿಸಿ ಆಗಬಹುದು. ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು.

ಆಗ ಹೊರದೇಶದ ಲಸಿಕೆಯ ಬೆಲೆ ನಮ್ಮವರ ಕೈಗೆ ಎಟಕುವಂತೆ ಇರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಶಾನ್ವ್ಯಾಕ್-ಬಿ ಲಸಿಕೆಯನ್ನು ಇಲ್ಲೇ ತಯಾರಿಸಿ ಬಿಟ್ಟ ಮೇಲೆ ಬೆಲೆ ಇಳಿಯಿತು. ಇವತ್ತು ದೊಡ್ಡವರ ಒಂದು ಡೋಸ್‌ಗೆ ಆಗುವ ಖರ್ಚು ಯಾವ ಆಸ್ಪತ್ರೆಗೂ ಭಾರ ಅಲ್ಲ. ‘ದುಡ್ಡಿಲ್ಲ’ ಅನ್ನುವ ಕಾರಣವನ್ನು ನಾನು ಒಪ್ಪುವುದಿಲ್ಲ.

ಮಕ್ಕಳಿಗೆ ಈ ಲಸಿಕೆ ದೇಶದ ತುಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಸಿಕ್ಕಿದ್ದು 2011ರಿಂದ. ಅದಕ್ಕೂ ಮೊದಲು 2002ರಲ್ಲಿ ಶುರುವಾಗಿ ಕೆಲವೇ ಕಡೆ ಪ್ರಯೋಗವಾಗಿ ಕೊಡುತ್ತಿದ್ದರು. ಅಂದರೆ ಇವತ್ತು ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುತ್ತಿರುವ ಬಹುಪಾಲು ಜನರಿಗೆ ಎಳವೆಯಲ್ಲಿ ಇದು ಸಿಕ್ಕಿಲ್ಲ. ನೀವೂ ಅದೇ ಸಾಲಿನವರು. ಕೆಲಸಕ್ಕೆ ಸೇರಿದಾಗ ಹಾಕಿಸಿಕೊಳ್ಳದೇ ಹೋದರೆ ಇನ್ನೆಲ್ಲೂ ಸಿಗುವುದಿಲ್ಲ. ನನ್ನ ಕೇಳಿದರೆ ನರ್ಸಿಂಗ್, ಲ್ಯಾಬ್, ಡೆಂಟಲ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕಳಿಸುವ ಮುಂಚೆಯೇ ಇದು ಮುಗಿಯಬೇಕು. ಕೈ ಪಳಗದವರಿಗೇ ಸೂಜಿ ಚುಚ್ಚುವುದು ಜಾಸ್ತಿ.

ಡೋಸ್‌ಗಳ ಲೆಕ್ಕ ನಿಮಗೆ ಗೊತ್ತಿದೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ತೊಂದರೆ ಇರುವುದು ಆ ಆರು ತಿಂಗಳಲ್ಲಿ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ, ಮದುವೆ ಆಗುತ್ತದೆ, ಆಸ್ಪತ್ರೆ ಬದಲಾಗುತ್ತದೆ, ಗುತ್ತಿಗೆದಾರ ಬದಲಾಗುತ್ತಾನೆ. ಯಾರೂ ಫೋನ್ ಮಾಡಿ ಕರೆಯುವುದಿಲ್ಲ. ಎರಡು ಡೋಸ್‌ಗೆ ನಿಂತವರು ನೀವೊಬ್ಬರೇ ಅಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಸುಮ್ನೆ ಹತ್ತು ಜನರನ್ನು ಕೇಳಿ ನೋಡಿ.

ಎಲ್ಲಿ ಚುಚ್ಚಿಸಿಕೊಳ್ಳುತ್ತೀರಿ ಅನ್ನುವುದೂ ಮುಖ್ಯ. ಡ್ಯೂಟಿ ರೂಮಿನಲ್ಲಿ ಒಬ್ಬರಿಗೊಬ್ಬರು ಹಾಕಿಕೊಳ್ಳುವಾಗ ಕೆಲವರು ಸೊಂಟದ ಕೆಳಗೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿ ಕೊಬ್ಬು ಜಾಸ್ತಿ, ಲಸಿಕೆ ಮಾಂಸಖಂಡಕ್ಕೆ ಸರಿಯಾಗಿ ತಲುಪುವುದಿಲ್ಲ. ದೊಡ್ಡವರಿಗೆ ತೋಳಿನ ಮೇಲ್ಭಾಗವೇ ಜಾಗ. ಸೊಂಟಕ್ಕೆ ಹಾಕಿದ ಡೋಸನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ವಯಲ್ ಫ್ರಿಡ್ಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್‌ಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ಇದು ಸಿಸ್ಟರ್‌ಗಳಿಗೆ ಗೊತ್ತಿರುವ ವಿಷಯವೇ. ಆದರೆ ರೋಗಿಗೆ ಹಾಕುವಾಗ ಇರುವ ಎಚ್ಚರ ನಮಗೆ ನಾವೇ ಹಾಕಿಕೊಳ್ಳುವಾಗ ಇರುವುದಿಲ್ಲ, ಅಲ್ವಾ?

ಟೈಟರ್ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ. ಇಲ್ಲಿ ಬೂಸ್ಟರ್ ಪ್ರಶ್ನೆಗೆ ಉತ್ತರ ಇದೆ. ಮೂರು ಡೋಸ್ ಆಗಿ, ಒಂದು ಸಲ 10 ದಾಟಿದ್ದು ಕಾಗದದಲ್ಲಿ ಇದ್ದರೆ ಆರೋಗ್ಯವಂತರಿಗೆ ಐದು ವರ್ಷಕ್ಕೂ ಬೇಡ, ಹತ್ತು ವರ್ಷಕ್ಕೂ ಬೇಡ. ವರ್ಷ ಕಳೆದಂತೆ ಆ ಸಂಖ್ಯೆ ಇಳಿದು 10ಕ್ಕಿಂತ ಕೆಳಗೆ ಬರಬಹುದು. ಆದರೂ ನೆನಪು ಉಳಿದಿರುತ್ತದೆ. ನಿಜವಾದ ವೈರಸ್ ಬಂದಾಗ ದೇಹ ಬೇಗ ಎಚ್ಚರವಾಗಿ ಪ್ರತಿಕಾಯ ತಯಾರಿಸುತ್ತದೆ. ಈ ವೈರಸ್ ಬೆಳೆಯಲು ವಾರಗಟ್ಟಲೆ ಸಮಯ ತಗೊಳ್ಳುವುದರಿಂದ ಅಷ್ಟು ಪುರುಸೊತ್ತು ಸಿಗುತ್ತದೆ. ಲಸಿಕೆ ತಗೊಂಡವರನ್ನು ಮೂವತ್ತು ವರ್ಷ ಗಮನಿಸಿ ಇದನ್ನು ಕಂಡುಕೊಂಡಿದ್ದಾರೆ. ಡಯಾಲಿಸಿಸ್ ರೋಗಿಗಳು, ರೋಗನಿರೋಧಕ ಶಕ್ತಿ ಕುಂದಿದವರ ಲೆಕ್ಕ ಬೇರೆ. ನಿಮ್ಮ ಸೀನಿಯರ್ ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಬೂಸ್ಟರ್ ದುಡ್ಡಿನಲ್ಲಿ ಒಂದೂ ಡೋಸ್ ಆಗದ ಒಬ್ಬರಿಗೆ ಲಸಿಕೆ ಹಾಕಿಸಿದರೆ ಎಷ್ಟೋ ವಾಸಿ.

ಮೂರು ಡೋಸ್ ಯಾವಾಗಲೋ ಆಗಿದೆ, ಟೈಟರ್ ನೋಡಿಯೇ ಇಲ್ಲ ಅನ್ನುವವರೂ ಇದ್ದಾರೆ. ಅವರು ಈಗ ಪರೀಕ್ಷೆ ಮಾಡಿಸಲಿ. 10 ಇದ್ದರೆ ಸರಿ. ಕಮ್ಮಿ ಇದ್ದರೆ ಒಂದು ಡೋಸ್ ಹಾಕಿಸಿಕೊಂಡು ಒಂದೆರಡು ತಿಂಗಳಿಗೆ ಮತ್ತೆ ನೋಡಲಿ. ಹೆಚ್ಚಿನವರಿಗೆ ಅಷ್ಟರಲ್ಲೇ ಏರಿರುತ್ತದೆ. ಏರದಿದ್ದರೆ ಉಳಿದ ಎರಡು ಡೋಸನ್ನೂ ಮುಗಿಸಿ ಕೊನೆಗೆ ಇನ್ನೊಮ್ಮೆ ಪರೀಕ್ಷೆ. ಹೀಗೆ ಒಟ್ಟು ಆರು ಡೋಸ್ ಆದರೂ ಏರದ ಕೆಲವರು ಇರುತ್ತಾರೆ. 40 ದಾಟಿದವರು, ತೂಕ ಜಾಸ್ತಿ ಇರುವವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಅವರಿಗೆ ಮೊದಲು ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ (ಯಾವಾಗಲಾದರೂ ಸೋಂಕು ತಗುಲಿದೆಯಾ ಅಂತ ತೋರಿಸುವ) ಪರೀಕ್ಷೆ ಮಾಡಬೇಕು. ಸೋಂಕು ಮೊದಲೇ ಇದ್ದರೆ ಟೈಟರ್ ಏರುವುದಿಲ್ಲ. ಸೋಂಕು ಇಲ್ಲದಿದ್ದರೆ ಅವರು ‘ಲಸಿಕೆಗೆ ಸ್ಪಂದಿಸದವರು’. ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಅವರಿಗೆ ಇಮ್ಯುನೋಗ್ಲೋಬುಲಿನ್ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಬೇಕು. ತಾನು ಆ ಗುಂಪಿನವನು ಅಂತ ಮೊದಲೇ ಗೊತ್ತಿದ್ದವರು ಮಾತ್ರ ಆ 24 ಗಂಟೆಯಲ್ಲಿ ಸರಿಯಾದ ಕೆಲಸ ಮಾಡುತ್ತಾರೆ.

ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಕೆಲಸ ಹೋಗುತ್ತದೆ ಅಂತ ಹೆದರಿ ಅನೇಕರು ಟೈಟರ್‌ಗೂ ಬರುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕು. ಆಂಟಿ-ಎಚ್‌ಬಿಎಸ್ ರಕ್ಷಣೆಯ ಪರೀಕ್ಷೆ, ಅದು ಪಾಸಿಟಿವ್ ಬಂದರೆ ಒಳ್ಳೆಯ ಸುದ್ದಿ. ಎಚ್‌ಬಿಎಸ್‌ಎಜಿ ಸೋಂಕಿನ ಪರೀಕ್ಷೆ. ಅದು ಪಾಸಿಟಿವ್ ಬಂದರೂ ನರ್ಸ್ ಕೆಲಸ, ಲ್ಯಾಬ್ ಕೆಲಸ ಬಿಡಬೇಕಾಗಿಲ್ಲ. ಆಳವಾದ ಆಪರೇಷನ್ ಮಾಡುವ ಸರ್ಜನ್‌ಗಳಂಥವರು ಮಾತ್ರ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವುದು) ನೋಡಿ, ತಜ್ಞರ ಸಲಹೆಯಂತೆ ನಡೆಯಬೇಕು. ಟೆನೊಫೊವಿರ್‌ನಂಥ ಮಾತ್ರೆ ದಿನಕ್ಕೊಂದು ನುಂಗಿದರೆ ವೈರಸ್ ಬಹಳ ಕಮ್ಮಿ ಆಗುತ್ತದೆ. ಚಿಕಿತ್ಸೆ ಬೇಕಾದವರಿಗೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಗಲ್ಫ್ ದೇಶಗಳ ಕಥೆ ಬೇರೆ. ಮಂಗಳೂರು, ಉಡುಪಿ ಕಡೆಯಿಂದ ಅಲ್ಲಿಗೆ ಹೊರಡುವ ಸಿಸ್ಟರ್‌ಗಳು ಮೆಡಿಕಲ್ ತಪಾಸಣೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ವೀಸಾ ಸಿಗದೆ ನಿಲ್ಲುತ್ತಾರೆ. ಇಲ್ಲಿ ಯಾವುದೋ ವಾರ್ಡಿನಲ್ಲಿ ಚುಚ್ಚಿದ ಒಂದು ಸೂಜಿಗೆ ಅಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ. ಅಂದ ಹಾಗೆ, ಲಸಿಕೆ ಹಾಕಿಸಿಕೊಂಡ ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಬೇಡಿ. ಲಸಿಕೆಯ ಪ್ರೋಟೀನೇ ಪರೀಕ್ಷೆಯಲ್ಲಿ ಕಾಣಿಸಿಕೊಂಡು ವಿನಾಕಾರಣ ಗಾಬರಿ ಆಗಬಹುದು. ಸೂಜಿ ಚುಚ್ಚಿದ್ದಕ್ಕೆ ಮಾಡಿಸಿ ಅಂತ ನಾನು ಮೇಲೆ ಹೇಳಿದ ಆ ಮೂರು ರಕ್ತ ಪರೀಕ್ಷೆಗಳನ್ನು ನೀವು ಮೂರನೇ ಡೋಸ್‌ಗೂ ಮುಂಚೆ ಮಾಡಿಸಿ.

ಈಗ ಆಯಾ ವಿಷಯ. ನಿಮ್ಮ ಮ್ಯಾನೇಜರ್ ಹೇಳಿದ್ದು ತಪ್ಪು. ಕಾನೂನಿನ ಪ್ರಕಾರವೂ ತಪ್ಪು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಆಸ್ಪತ್ರೆಯ ಹೊಣೆ ಹೊತ್ತವರು ತಮ್ಮ ಎಲ್ಲ ಆರೋಗ್ಯ ಸಿಬ್ಬಂದಿಗೂ, ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಇತರರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಅವರ ಆರೋಗ್ಯ ತಪಾಸಣೆ ಮಾಡಿಸಬೇಕು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಂತ ಅಲ್ಲಿ ಇಲ್ಲ. ಚೀಲ ಹೊರುವ ಕೈ ಯಾರದ್ದೋ ಅವರಿಗೆ ಲಸಿಕೆ ಸಿಗಬೇಕು. ಈ ನಿಯಮ ಪಾಲನೆ ನೋಡಿಕೊಳ್ಳುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನಿಮ್ಮ ನರ್ಸಿಂಗ್ ಹೋಮ್ ನಡೆಯಲು ಅದರ ಅನುಮತಿ ಬೇಕು ಅನ್ನುವುದು ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನು ಪಕ್ಕಕ್ಕಿಡಿ. ಆಯಾಗೆ ಚುಚ್ಚುವ ಸೂಜಿ ಅವರು ಬಳಸಿದ್ದಲ್ಲ. ಡಾಕ್ಟರೋ, ಸಿಸ್ಟರೋ, ಲ್ಯಾಬಿನವರೋ ಸೂಜಿಗೆಂದೇ ಇರುವ ಬಿಳಿ ಡಬ್ಬಿಗೆ ಹಾಕದೆ ಕೆಂಪು ಚೀಲಕ್ಕೋ ಹಳದಿ ಚೀಲಕ್ಕೋ ಎಸೆದದ್ದು. ಚೀಲ ಎತ್ತುವಾಗ ಅದು ತೊಡೆಗೋ ಅಂಗೈಗೋ ಚುಚ್ಚುತ್ತದೆ. ಯಾವ ರೋಗಿಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಿಮಗಾದರೆ ರೋಗಿಯ ರಿಪೋರ್ಟ್ ನೋಡುವ ದಾರಿ ಇತ್ತು. ಅವರಿಗೆ ಅದೂ ಇಲ್ಲ. ಚುಚ್ಚಿತು ಅಂತ ಹೇಳಿದರೆ ನಾಳೆಯಿಂದ ಬರಬೇಡ ಅಂದುಬಿಟ್ಟಾರು ಅನ್ನುವ ಭಯಕ್ಕೆ ನಲ್ಲಿ ನೀರಿನಲ್ಲಿ ತೊಳೆದುಕೊಂಡು ಸುಮ್ಮನಾಗುತ್ತಾರೆ. ಲಸಿಕೆಯ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಇವರು. ನಮ್ಮಲ್ಲಿ ಕೊನೆಗೆ ನಿಲ್ಲುತ್ತಾರೆ, ಎಷ್ಟೋ ಕಡೆ ಸಾಲಿನಲ್ಲೇ ಇರುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಬಳಸಿದ ಸೂಜಿ, ಸಿರಿಂಜ್ ದಾರಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು 2009ರಲ್ಲಿ ಗುಜರಾತಿನ ಮೋಡಾಸಾ ಊರು ನೋಡಿತು. ಸಿರಿಂಜ್‌ಗಳನ್ನು ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಇನ್ನೊಂದು ಕಡೆ ಅಮೆರಿಕ ಇದೆ. ಅಲ್ಲಿ 1991ರಲ್ಲಿ, ರಕ್ತ ಮುಟ್ಟುವ ಎಲ್ಲ ಕೆಲಸಗಾರರಿಗೂ ಮಾಲೀಕರೇ ಉಚಿತವಾಗಿ ಲಸಿಕೆ ಕೊಡಬೇಕು, ಅದೂ ಕೆಲಸಕ್ಕೆ ಹಚ್ಚಿದ ಹತ್ತು ಕೆಲಸದ ದಿನಗಳೊಳಗೆ, ಅಂತ ಕಾನೂನು ಬಂತು. ಲಸಿಕೆ, ಗ್ಲೌಸ್, ಸೂಜಿಯ ಎಚ್ಚರ ಎಲ್ಲ ಸೇರಿ 1983ರಿಂದ 1995ರ ನಡುವೆ ಅಲ್ಲಿನ ಆರೋಗ್ಯ ಸಿಬ್ಬಂದಿಯಲ್ಲಿ ಹೊಸ ಸೋಂಕು ಶೇಕಡಾ 90ಕ್ಕಿಂತ ಹೆಚ್ಚು ಇಳಿಯಿತು.

ಮ್ಯಾನೇಜರ್ ಜೊತೆ ಜಗಳ ಬೇಡ. ಒಂದು ಅರ್ಜಿ ಬರೆಯಿರಿ. ಲಸಿಕೆ ಆಗದವರ, ಅರ್ಧಕ್ಕೆ ನಿಂತವರ ಪಟ್ಟಿ ಅದರ ಜೊತೆ ಇರಲಿ. 2016ರ ನಿಯಮದ ಹೆಸರು ಬರೆಯಿರಿ. ನಿಮ್ಮೊಬ್ಬರ ಸಹಿ ಇದ್ದರೆ ನಿಮ್ಮ ಮೇಲೆ ಕಣ್ಣು ಬೀಳಬಹುದು, ಹತ್ತು ಸಹಿ ಹಾಕಿಸಿ. ಆಸ್ಪತ್ರೆಯ ಡಾಕ್ಟರ್ ಒಬ್ಬರು ಮೊದಲ ಸಹಿ ಹಾಕಿದರೆ ಕೆಲಸ ಬೇಗ ಆಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಲಸಿಕೆ ಕೊಡುವುದೂ ಸೇರಿದೆ. ನಿಮ್ಮ ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅಥವಾ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಆಯಾಗೆ ಮೊದಲ ಡೋಸ್ ಆದ ದಿನವೇ ಮುಂದಿನ ಎರಡು ತಾರೀಖನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅವರು ಬೇರೆ ಆಸ್ಪತ್ರೆಗೆ ಹೋದರೂ ಅದು ಜೊತೆಗೆ ಹೋಗುತ್ತದೆ.

ಮುಂದೆ ಸೂಜಿ ಚುಚ್ಚಿದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬೆರಳು ಹಿಂಡಬೇಡಿ, ಬಾಯಲ್ಲಿ ಇಡಬೇಡಿ, ಸ್ಪಿರಿಟ್ಟು ಬ್ಲೀಚಿಂಗು ಸುರಿಯಬೇಡಿ. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರಿನಲ್ಲಿ ತೊಳೆಯಿರಿ. ಆಮೇಲೆ ಅದೇ ಗಂಟೆಯಲ್ಲಿ ಡ್ಯೂಟಿ ಡಾಕ್ಟರ್‌ಗೆ ಹೇಳಿ. ಎಚ್‌ಐವಿಗೆ ಕೊಡುವ ತಡೆ ಮಾತ್ರೆಗಳನ್ನು ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಬಾರದು. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ಹಾಗಾಗಿ ಬಿ ಲಸಿಕೆ ಆದ ಮೇಲೂ ಸೂಜಿಯ ಎಚ್ಚರ ಬಿಡುವಂತಿಲ್ಲ. ಮತ್ತೆ, ಸೂಜಿಗೆ ಕ್ಯಾಪ್ ಹಾಕುವುದನ್ನು ಇವತ್ತಿಗೇ ಬಿಡಿ. ರಕ್ತ ತೆಗೆಯಲು ಹೋಗುವಾಗ ಬಿಳಿ ಡಬ್ಬಿಯನ್ನು ಟ್ರಾಲಿಯಲ್ಲೇ ತಗೊಂಡು ಹೋದರೆ ಕ್ಯಾಪ್ ಹಾಕುವ ಪ್ರಸಂಗವೇ ಬರುವುದಿಲ್ಲ. ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಬದಲಿಸಿ.

ಎದೆಹಾಲು ಕುಡಿಸುತ್ತಾ ಈ ಲಸಿಕೆ ಹಾಕಿಸಿಕೊಳ್ಳಬಹುದು. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು. ಒಂದು ಹೊತ್ತು ಕೂಡ ಹಾಲು ನಿಲ್ಲಿಸಬೇಡಿ. ಮಗುವಿನ ತಾಯಿ ಕಾರ್ಡ್ ಒಮ್ಮೆ ತೆಗೆದು ನೋಡಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಡೋಸ್ ಆಗಿದೆಯಾ, 6, 10 ಮತ್ತು 14 ವಾರಕ್ಕೆ ಪೆಂಟಾವೇಲೆಂಟ್ (ಐದು ಲಸಿಕೆ ಸೇರಿದ ಒಂದೇ ಚುಚ್ಚುಮದ್ದು) ಆಗಿದೆಯಾ ಅಂತ. ಆ ಐದು ಲಸಿಕೆಗಳಲ್ಲಿ ಇದೂ ಒಂದು. ಯಾವುದಾದರೂ ಬಿಟ್ಟುಹೋಗಿದ್ದರೆ ಮುಂದಿನ ಲಸಿಕೆ ದಿನ ಆಶಾ ಕಾರ್ಯಕರ್ತೆಗೆ ತೋರಿಸಿ, ಅಲ್ಲಿಂದ ಮುಂದುವರಿಸುತ್ತಾರೆ.